ಹವಾನಿಯಂತ್ರಕ: ಒಂದು ಪೆಟ್ಟಿಗೆ, ಎರಡು ಪೆಟ್ಟಿಗೆ

ಮುಂಬಯಿಯ ಬೇಸಗೆಯಲ್ಲಿ ಬೀದಿಯ ಬದಿಗೆ ನಡೆಯುವಾಗ, ಮೋಡವಿಲ್ಲದ ಆಕಾಶದಿಂದ ತಟಕ್ಕನೆ ಒಂದು ಹನಿ ನಮ್ಮ ತಲೆಯ ಮೇಲೆ ಬೀಳುವುದುಂಟು. ಕತ್ತೆತ್ತಿದರೆ, ಕಿಟಕಿಯಿಂದ ಅರ್ಧ ಮೈ ಹೊರಚಾಚಿದ ಲೋಹದ ಪೆಟ್ಟಿಗೆಯೊಂದು ಕಾಣುತ್ತದೆ. ಹೊಸ ಕಟ್ಟಡಗಳಲ್ಲಾದರೋ ಗೋಡೆಯ ಒಳಗೊಂದು, ಹೊರಗೊಂದು, ಹೀಗೆ ಎರಡು ಪೆಟ್ಟಿಗೆಗಳು. ಎರಡು ಬಗೆಯವೂ ಹವಾನಿಯಂತ್ರಕಗಳೇ. ಹಾಗಾದರೆ ಅವುಗಳ ಭೇದವೇನು?

ಈ ಯಂತ್ರವು ತಂಪನ್ನು ತಯಾರಿಸುತ್ತದೆಂದು ನಮ್ಮಲ್ಲಿ ಹಲವರ ಎಣಿಕೆ. ನಿಜವಾಗಿ ಅದು ಕೋಣೆಯ ಶಾಖವನ್ನು ಹೊತ್ತು ಹೊರಗೆ ಚೆಲ್ಲುವ ಕೂಲಿಯಾಳು. ಕೊಳವೆಗಳಲ್ಲಿ ಸುತ್ತುವ ಶೀತಕವೆಂಬ ದ್ರವವು ಒಳಗಿನ ಸುರುಳಿಯಲ್ಲಿ ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಅಂಗೈಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗೆನಿಸುವುದೂ ಇದೇ ಕಾರಣದಿಂದ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಸುರುಳಿಗೆ ತಳ್ಳುತ್ತದೆ. ಅಲ್ಲಿ ಅದು ಶಾಖವನ್ನು ಬಿಟ್ಟುಕೊಟ್ಟು ಮರಳಿ ದ್ರವವಾಗುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಒಳಸುರುಳಿಯ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ನಮ್ಮ ತಲೆಗೆ ಬಿದ್ದ ಹನಿ ಅದೇ. 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ತಮ್ಮ ಯಂತ್ರವನ್ನು ರೂಪಿಸಿದ್ದೂ ಜನರ ಸುಖಕ್ಕಲ್ಲ, ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ಕಾಗದವನ್ನು ತೇವದಿಂದ ಕಾಪಾಡುವುದಕ್ಕೆ!

ಕಿಟಕಿಯ ಯಂತ್ರದಲ್ಲಿ ಎರಡು ಸುರುಳಿಗಳೂ ಕಂಪ್ರೆಸರೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಆದುದರಿಂದಲೇ ಅದರ ಗದ್ದಲ. ಸ್ಪ್ಲಿಟ್ ಯಂತ್ರದಲ್ಲಿ ಕಂಪ್ರೆಸರೂ ಬಿಸಿ ಸುರುಳಿಯೂ ಹೊರಗೆ ಹೋಗುತ್ತವೆ. ಗೋಡೆಯ ಸಣ್ಣ ರಂಧ್ರದಲ್ಲಿ ಹಾಯುವ ತಾಮ್ರದ ಕೊಳವೆಗಳು ಎರಡನ್ನೂ ಬೆಸೆಯುತ್ತವೆ. ಪರೀಕ್ಷೆಗೆ ಓದುವವರಿಗೆ ನಿಶ್ಶಬ್ದ, ಕಿಟಕಿಗೆ ಬಿಡುಗಡೆ. ಆದರೆ ಕೊಳವೆಗಳನ್ನು ಮನೆಯಲ್ಲೇ ಜೋಡಿಸಬೇಕಾದುದರಿಂದ ಬೆಸುಗೆ ಸಡಿಲಾದರೆ ಶೀತಕ ಸೋರಿಹೋಗುತ್ತದೆ. ಬಾಡಿಗೆ ಮನೆಯವರಿಗೆ, ಬಿಚ್ಚಿ ಹೊತ್ತೊಯ್ಯಬಲ್ಲ ಹಳೆಯ ಪೆಟ್ಟಿಗೆಯೇ ಲೇಸು. ಇನ್ನೊಂದು ಮಾತು: ಆ ಕೊಳವೆಗಳಲ್ಲಿ ಹರಿಯುವುದು ಶೀತಕವೇ ಹೊರತು ಹೊರಗಿನ ಗಾಳಿಯಲ್ಲ. ಮುಚ್ಚಿದ ಕೋಣೆಯಲ್ಲಿ ಹತ್ತು ಮಂದಿ ಕುಳಿತರೆ ಉಸಿರಾಡಿದ ಗಾಳಿಯೇ ಸುತ್ತುತ್ತಿರುತ್ತದೆ. ಆಗಾಗ ಬಾಗಿಲು ತೆರೆಯಲೇಬೇಕು.

ಕೆಟ್ಟಾಗಿನ ಭೇದವನ್ನು ಮಾತ್ರ ಅಂಗಡಿಯವರು ಹೇಳುವುದಿಲ್ಲ. ಕಿಟಕಿಯ ಯಂತ್ರವನ್ನು ಕೋಣೆಯೊಳಕ್ಕೆ ಎಳೆದು ದುರಸ್ತಿ ಮಾಡಬಹುದು. ಸ್ಪ್ಲಿಟ್‌ನ ಹೊರಪೆಟ್ಟಿಗೆಗಾಗಿ ಮೆಕ್ಯಾನಿಕ್ಕನು ಏಳನೆಯ ಅಂತಸ್ತಿನ ಸಜ್ಜೆಯ ಮೇಲೆ, ಸೊಂಟಕ್ಕೆ ಹಗ್ಗವೂ ಇಲ್ಲದೆ, ಒಂದು ಕೈಯಲ್ಲಿ ಕಿಟಕಿಯ ಸರಳನ್ನು ಹಿಡಿದು ನಿಂತುದನ್ನು ನಾವು ಕಂಡಿದ್ದೇವೆ. ಅದನ್ನು ಬಾಲ್ಕನಿಯಲ್ಲಿ ಇರಿಸಿದ್ದರೆ ಅವನು ನೆಲದ ಮೇಲೆ ನಿಂತೇ ಕೆಲಸ ಮುಗಿಸುತ್ತಿದ್ದನು. ಮನೆಯವರಿಗೆ ಬಟ್ಟೆ ಒಣಹಾಕಲು ಎರಡು ಅಡಿ ಜಾಗ ಕಡಿಮೆಯಾಗುತ್ತಿತ್ತು, ಅಷ್ಟೆ.