ಗಲ್ಲಾದಲ್ಲಿ ಕಾಣದ ಲಾಭ

ಡೊಂಬಿವಲಿಯಿಂದ ಠಾಣೆಗೆ ಹೊರಟ ಲೋಕಲ್‌ನಲ್ಲಿ ಊರಿನ ಹೋಟೆಲ್ ಮಾಲೀಕರೊಬ್ಬರು ಮೊಬೈಲ್ ತೋರಿಸಿದರು. "ಈ ಕಂಪನಿಯ ರಿಟೇನ್ಡ್ ಅರ್ನಿಂಗ್ಸ್ ನೂರಾರು ಕೋಟಿ ಉಂಟು ಮಾರಾಯ್ರೆ. ಇಷ್ಟು ದುಡ್ಡಿದ್ದರೆ ಡಿವಿಡೆಂಡ್ ಬಂದೇ ಬರ್ತದಲ್ಲ? ಷೇರು ತಗೊಳ್ಳಲಾ?" ಮಗಳ ಕಾಲೇಜಿಗೆಂದು ಕೂಡಿಟ್ಟ ಹಣವದು.

ನಿಮ್ಮ ಹೋಟೆಲನ್ನೇ ಕಂಪನಿ ಅಂದುಕೊಳ್ಳೋಣ ಎಂದೆ. ಕಳೆದ ವರ್ಷದವರೆಗೆ ಉಳಿಸಿದ ಲಾಭ 20 ಲಕ್ಷ. ಈ ವರ್ಷದ ನಿವ್ವಳ ಲಾಭ 10 ಲಕ್ಷ. ಪಾಲುದಾರರಿಗೆ ಹಂಚಿದ್ದು 4 ಲಕ್ಷ. ಉಳಿಕೆ 26 ಲಕ್ಷ. ಅಷ್ಟೂ ಗಲ್ಲಾದಲ್ಲಿದೆಯೇ?

"ಎಲ್ಲಿಂದ! ಹೊಸ ಗ್ರೈಂಡರ್, ಜಾಗದ ಡಿಪಾಸಿಟ್, ಆಫೀಸಿನವರ ಟಿಫಿನ್ ಬಾಕಿ..."

ಕಂಪನಿಯ ಕಥೆಯೂ ಅದೇ. ಬಹುತೇಕ ಲಿಸ್ಟೆಡ್ ಕಂಪನಿಗಳ ಬ್ಯಾಲೆನ್ಸ್ ಶೀಟ್‌ನಲ್ಲಿ 'ಅದರ್ ಈಕ್ವಿಟಿ'ಯೊಳಗೆ ಸೇರುವ ಈ ಮೊತ್ತ, ಶುರುವಿನಿಂದ ಗಳಿಸಿ ಹಂಚದೆ ಉಳಿಸಿದ ಲಾಭದ ಲೆಕ್ಕ. ಹಣ ಮಾತ್ರ ಯಂತ್ರ, ದಾಸ್ತಾನು, ಗಿರಾಕಿಗಳ ಬಾಕಿಯಾಗಿ ಹೋಗಿರಬಹುದು. 2013ರ ಕಂಪನಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ, ಡಿವಿಡೆಂಡ್ ಘೋಷಿಸಿದ 5 ದಿನದೊಳಗೆ ಆ ಮೊತ್ತವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಕಟ್ಟಬೇಕು. ಕಟ್ಟಲು ನಗದೇ ಬೇಕು. ಪುಸ್ತಕದ ಅಂಕಿ ಸಾಲದು.

ಆದ್ದರಿಂದ ಇನ್ನೂ ಮೂರು ಅಂಕಿ ನೋಡಿ: ಕೈಯಲ್ಲಿರುವ ನಗದು, ಸಾಲ, ಮತ್ತು ವ್ಯವಹಾರದಿಂದ ನಿಜವಾಗಿ ಬಂದ ನಗದು. ಮೂರನೆಯದು ಕ್ಯಾಶ್ ಫ್ಲೋ ಪಟ್ಟಿಯಲ್ಲಿದೆ. ಲಾಭ ವರ್ಷವರ್ಷವೂ ಏರುತ್ತಿದ್ದು ನಗದು ಬಾರದಿದ್ದರೆ, ಬಾಕಿ ಎಲ್ಲಿ ಸಿಕ್ಕಿದೆ ಎಂದು ಕೇಳಲೇಬೇಕು.

ಠಾಣೆ ಬಂತು. ಅವರು ಮೊಬೈಲ್ ಜೇಬಿಗಿಟ್ಟರು. "ಇವತ್ತು ಬೇಡ. ರಾತ್ರಿ ಗಲ್ಲಾ ಎಣಿಸಿದ ಮೇಲೆ ಆ ಪಟ್ಟಿ ನೋಡ್ತೇನೆ."