ಕವಲು ಹಲವು, ಬೇರಿಗೆ ನೀರೆರೆಯುವವರು ಯಾರು?

2020ರ ಡಿಸೆಂಬರ್‌ನಲ್ಲಿ ರೆಡ್ ಹ್ಯಾಟ್ ಸಂಸ್ಥೆ ಹೊರಡಿಸಿದ ಪ್ರಕಟಣೆಯೊಂದು ಜಗತ್ತಿನಾದ್ಯಂತ ಸರ್ವರ್‌ಗಳನ್ನು ನೋಡಿಕೊಳ್ಳುವವರ ನಿದ್ದೆಗೆಡಿಸಿತು. ‘ಸೆಂಟ್‌ಓಎಸ್’ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಎಂಟನೆಯ ಆವೃತ್ತಿಗೆ 2029ರವರೆಗೆ ದೊರೆಯಬೇಕಿದ್ದ ಬೆಂಬಲ 2021ರ ಅಂತ್ಯಕ್ಕೇ ನಿಲ್ಲಲಿದೆ ಎಂಬುದು ಅದರ ಸಾರ. ರೆಡ್ ಹ್ಯಾಟ್ ಹಣ ಪಡೆದು ಕೊಡುವ ವ್ಯವಸ್ಥೆಯ ತದ್ರೂಪವಾದ ಇದನ್ನು ವಿಶ್ವವಿದ್ಯಾಲಯಗಳೂ ಸಣ್ಣ ಉದ್ಯಮಗಳೂ ನೆಚ್ಚಿಕೊಂಡಿದ್ದವು. ಅದಕ್ಕೆ ಮುಂಚಿನ ವರ್ಷವಷ್ಟೇ ಐಬಿಎಂ ಸಂಸ್ಥೆಯು ರೆಡ್ ಹ್ಯಾಟ್ ಅನ್ನು ಸುಮಾರು 3,400 ಕೋಟಿ ಡಾಲರ್‌ಗೆ ಕೊಂಡಿತ್ತು.

ಒಡೆಯ ಮನಸ್ಸು ಬದಲಿಸಿದರೆ ಗ್ರಾಹಕ ಕೈಕಟ್ಟಿ ನಿಲ್ಲಬೇಕಾಗುವುದು ಮಾರುಕಟ್ಟೆಯ ವಾಡಿಕೆ. ಇಲ್ಲಿ ಹಾಗಾಗಲಿಲ್ಲ. 2021ರಲ್ಲಿಯೇ ಅದೇ ಮೂಲ ಸಂಕೇತದಿಂದ ಅಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಹೊಸ ಕವಲುಗಳು ಒಡೆದವು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಮುಖ್ಯ ವ್ಯವಸ್ಥೆಯ ಮೂಲ ಸಂಕೇತವನ್ನು ಗ್ರಾಹಕರಿಗಷ್ಟೇ ಸೀಮಿತಗೊಳಿಸಲು ಹೊರಟಾಗ, ಒರಾಕಲ್, ಸೂಸೆ ಹಾಗೂ ಸಿಐಕ್ಯು ಸಂಸ್ಥೆಗಳು ತಮ್ಮ ಪೈಪೋಟಿಯನ್ನು ಬದಿಗಿಟ್ಟು, ಸಂಕೇತವನ್ನು ಎಲ್ಲರಿಗೂ ಒದಗಿಸಲು ಒಂದು ಕೂಟ ಕಟ್ಟಿದವು. ಒಡಕೇ ಒಗ್ಗೂಡುವಿಕೆಗೆ ದಾರಿಯಾಯಿತು.

ಮುಕ್ತ ತಂತ್ರಾಂಶದ ಜಗತ್ತಿನ ಮೇಲೆ ಬಹುಕಾಲದಿಂದ ಇರುವ ಆಕ್ಷೇಪ ಒಂದೇ: ಇಷ್ಟೊಂದು ಬಣಗಳೇಕೆ? 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಕರ್ನೆಲ್ ಎಂಬ ತಿರುಳಿನ ಸುತ್ತ ಡೆಬಿಯನ್, ಉಬುಂಟು, ಫೆಡೋರಾ, ಮಿಂಟ್ ಎಂದು ನೂರಾರು ‘ವಿತರಣೆ’ಗಳು ಹುಟ್ಟಿಕೊಂಡಿವೆ. ಒಂದೇ ಕೆಲಸವನ್ನು ಹತ್ತು ಕಡೆ ಮಾಡುವುದು ಶ್ರಮದ ಪೋಲಲ್ಲವೇ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೂ ಈ ಪ್ರಶ್ನೆ ಸಹಜವೆನಿಸುತ್ತದೆ. ಆದರೆ ಇತಿಹಾಸದ ಉತ್ತರ ಬೇರೆಯಾಗಿದೆ.

ಮೇಲಿನಿಂದ ಒಂದುಗೂಡಿಸುವ ಪ್ರಯತ್ನವೂ ನಡೆದಿತ್ತು. 2002ರಲ್ಲಿ ಸೂಸೆ, ಟರ್ಬೋಲಿನಕ್ಸ್, ಕನೆಕ್ಟಿವಾ ಮತ್ತು ಕಾಲ್ಡೆರಾ ಎಂಬ ನಾಲ್ಕು ಕಂಪನಿಗಳು ‘ಯುನೈಟೆಡ್‌ಲಿನಕ್ಸ್’ ಎಂಬ ಸಮಾನ ಬುನಾದಿಯನ್ನು ಸಾರಿದವು. ಅಷ್ಟರಲ್ಲಿ ಕಾಲ್ಡೆರಾ ಎಸ್‌ಸಿಒ ಎಂದು ಹೆಸರು ಬದಲಿಸಿಕೊಂಡು, 2003ರಲ್ಲಿ ಲಿನಕ್ಸ್ ವಿಚಾರವಾಗಿ ಐಬಿಎಂ ಮೇಲೆ ದಾವೆ ಹೂಡಿತು. 2004ರ ಆರಂಭದಲ್ಲಿ ಒಕ್ಕೂಟ ಮುಗಿದೇ ಹೋಯಿತು. ಇತ್ತ ಜಗಳದಿಂದ ಹುಟ್ಟಿದ ಕವಲೊಂದು ಲೋಕೋಪಕಾರಿಯಾಯಿತು. ನೆಟ್‌ಬಿಎಸ್‌ಡಿ ಬಳಗದಿಂದ ಹೊರಹಾಕಲ್ಪಟ್ಟ ಥಿಯೋ ಡಿ ರಾಟ್ 1995ರಲ್ಲಿ ಆರಂಭಿಸಿದ್ದು ಓಪನ್‌ಬಿಎಸ್‌ಡಿ. ಆ ಪುಟ್ಟ ಬಳಗ 1999ರಲ್ಲಿ ಹೊರತಂದ ‘ಓಪನ್‌ಎಸ್‌ಎಸ್‌ಎಚ್’ ದೂರದ ಗಣಕಗಳಿಗೆ ಸುರಕ್ಷಿತವಾಗಿ ಪ್ರವೇಶಿಸುವ ಸಾಧನ. ಇಂದು ಹೆಚ್ಚುಕಡಿಮೆ ಪ್ರತಿಯೊಂದು ಲಿನಕ್ಸ್ ವಿತರಣೆಯೂ ಅದನ್ನು ಬಳಸುತ್ತದೆ.

ಒಡೆದರೂ ಈ ಜಗತ್ತು ಛಿದ್ರವಾಗದಿರಲು ಕಾರಣವೇನು? ಎಂಬತ್ತರ ದಶಕದಲ್ಲಿ ಯುನಿಕ್ಸ್ ತಯಾರಕರೂ ಒಡೆದುಹೋಗಿದ್ದರು. ಆದರೆ ಪ್ರತಿಯೊಬ್ಬರೂ ತಮ್ಮ ಸುಧಾರಣೆಯನ್ನು ಬೀಗ ಹಾಕಿಟ್ಟುಕೊಂಡರು. ಅವರ ಕಲಹದ ಲಾಭ ಮೈಕ್ರೋಸಾಫ್ಟ್‌ಗೆ ದಕ್ಕಿತು. ಲಿನಕ್ಸ್ ಕರ್ನೆಲ್‌ನ ಪರವಾನಗಿಯ ನಿಯಮ ಬೇರೆ: ಮಾರ್ಪಡಿಸಿ ಹಂಚುವವನು ಪಡೆದವರಿಗೆ ಮೂಲ ಸಂಕೇತವನ್ನೂ ಕೊಡಬೇಕು. ಹೀಗಾಗಿ ಕವಲಿನಲ್ಲಿ ಆದ ಸುಧಾರಣೆ ಮರಳಿ ಕಾಂಡಕ್ಕೆ ಹರಿಯಲು ಅವಕಾಶವಿದೆ. ಮೇಲೆ ನೂರು ಹೆಸರು, ಕೆಳಗೆ ಒಂದೇ ಬೇರು. 2017ರ ನವೆಂಬರ್‌ನಿಂದ ಜಗತ್ತಿನ ಅಗ್ರ 500 ಸೂಪರ್ ಕಂಪ್ಯೂಟರ್‌ಗಳೆಲ್ಲವೂ ಲಿನಕ್ಸ್ ಮೇಲೆಯೇ ನಡೆಯುತ್ತಿರುವುದು ಆಕಸ್ಮಿಕವಲ್ಲ.

ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ, ಸಂಸ್ಥೆಯೊಂದು ಕೆಟ್ಟಾಗ ಸದಸ್ಯರಿಗೆ ದನಿಯೆತ್ತುವ ಹಾಗೂ ಹೊರನಡೆಯುವ ಎರಡು ದಾರಿಗಳಿವೆ ಎಂದು ವಿವರಿಸಿದ. ಸಾಮಾನ್ಯ ಗ್ರಾಹಕ ಹೊರಟರೆ ಬರಿಗೈಯಲ್ಲಿ ಹೋಗಬೇಕು. ಮುಕ್ತ ತಂತ್ರಾಂಶದಲ್ಲಿ ಹೊರಡುವವನು ಮನೆಯ ಪ್ರತಿಯನ್ನೇ ಹೊತ್ತೊಯ್ಯಬಹುದು. ಆದ್ದರಿಂದಲೇ ಅವನ ದನಿಗೆ ಬೆಲೆಯಿದೆ. ಒಡೆಯುವ ಹಕ್ಕು ಇಲ್ಲಿ ದೋಷವಲ್ಲ, ಅಂಕುಶ.

ಆದರೆ ನನ್ನ ಆತಂಕ ಇರುವುದು ಇನ್ನೊಂದೆಡೆ. ಕವಲೊಡೆಯುವುದು ಅಗ್ಗ; ಕಾಪಾಡುವುದು ದುಬಾರಿ. 2024ರ ಮಾರ್ಚ್‌ನಲ್ಲಿ, ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಚಿಕ್ಕ ತಂತ್ರಾಂಶದಲ್ಲಿ ಗುಪ್ತ ಕಳ್ಳಬಾಗಿಲು ಪತ್ತೆಯಾಯಿತು. ಬಹುತೇಕ ಎಲ್ಲ ವಿತರಣೆಗಳೂ ನೆಚ್ಚಿದ್ದ ಅದನ್ನು ಬಹುಕಾಲ ನೋಡಿಕೊಂಡಿದ್ದವರು ಒಬ್ಬರೇ ಸ್ವಯಂಸೇವಕರು. ನೆರವಿನ ಸೋಗಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ ಅಜ್ಞಾತನೊಬ್ಬ ಅದರೊಳಗೆ ವಿಷ ಬೆರೆಸಿದ್ದ. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ತಗಲುತ್ತಿದ್ದುದನ್ನು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಗಮನಿಸಿದ್ದರಿಂದ ಅನಾಹುತ ತಪ್ಪಿತು. ನೂರು ವಿತರಣೆಗಳ ವೈವಿಧ್ಯ ಆ ಒಂಟಿ ಕಾವಲುಗಾರನಿಗೆ ಆಸರೆಯಾಗಿರಲಿಲ್ಲ.

ನಮ್ಮ ಹಳ್ಳಿಯ ಕೆರೆಗಳ ಕಥೆಯೂ ಇದೇ. ನೀರು ಎಲ್ಲರಿಗೂ ಬೇಕು. ಹೂಳೆತ್ತುವ ಸರದಿ ಬಂದಾಗ ಯಾರೂ ಇಲ್ಲ. ನೀರುಗಂಟಿ ಇದ್ದಷ್ಟು ಕಾಲ ಕೆರೆ ಉಳಿಯಿತು. ಸರ್ಕಾರಿ ಸೇವೆಯಲ್ಲಿ ನಾನು ಕಂಡದ್ದೂ ಅಷ್ಟೆ. ಹೊಸ ಕಟ್ಟಡದ ಶಂಕುಸ್ಥಾಪನೆಗೆ ‘ಯೋಜನಾ ವೆಚ್ಚ’ದಲ್ಲಿ ಹಣ ಒದಗುತ್ತಿತ್ತು, ಸೋರುವ ಚಾವಣಿಯ ದುರಸ್ತಿ ‘ಯೋಜನೇತರ’ವಾದ್ದರಿಂದ ಕಡತದಲ್ಲೇ ಉಳಿಯುತ್ತಿತ್ತು. ಆ ವಿಂಗಡಣೆಯನ್ನು ಕೇಂದ್ರ ಸರ್ಕಾರ 2017–18ರ ಬಜೆಟ್‌ನಿಂದ ಕೈಬಿಟ್ಟಿದೆ. ಅದರ ಹಿಂದಿನ ಮನೋಧರ್ಮ ಹೋಗಿಲ್ಲ.

ಭಾರತದ ಉದಾಹರಣೆಗಳನ್ನೇ ನೋಡೋಣ. ಸಿ-ಡ್ಯಾಕ್ 2007ರಲ್ಲಿ ‘ಬಾಸ್’ ಎಂಬ ಆಪರೇಟಿಂಗ್ ಸಿಸ್ಟಂ ಹೊರತಂದಿತು. ಅದರ ಮೂಲ ಡೆಬಿಯನ್. ಕೇರಳದ ಶಾಲೆಗಳು ಬಳಸುವ ವ್ಯವಸ್ಥೆ, ರಕ್ಷಣಾ ಸಚಿವಾಲಯ 2023ರಲ್ಲಿ ಅಳವಡಿಸಲು ಹೊರಟ ‘ಮಾಯಾ’ ಎರಡಕ್ಕೂ ಉಬುಂಟು ಆಧಾರ. ಉಬುಂಟುವಿನ ಆಧಾರವೂ ಡೆಬಿಯನ್ನೇ. ಅಗತ್ಯಗಳು ಬೇರೆಯಾದಾಗ ಕವಲುಗಳೂ ಬೇರೆಯಾಗಲಿ; ಅದರಲ್ಲಿ ತಪ್ಪಿಲ್ಲ. ಆದರೆ ಸ್ವದೇಶಿ ಎಂಬ ಹೆಸರಿಡುವುದರಿಂದಷ್ಟೇ ಸ್ವಾವಲಂಬನೆ ಬಾರದು. ಬೇರನ್ನು ಬಲ್ಲವರು, ಕಾಯುವವರು ನಮ್ಮಲ್ಲಿ ಎಷ್ಟು ಮಂದಿ ಎಂಬುದೇ ಅದರ ಅಳತೆಗೋಲು. ಕನ್ನಡದ ಮಟ್ಟಿಗೂ ಇದು ನಿಜ. ಗ್ನೋಮ್ ಎಂಬ ಸಮಾನ ಡೆಸ್ಕ್‌ಟಾಪ್‌ಗೆ ಒಮ್ಮೆ ಮಾಡಿದ ಕನ್ನಡ ಅನುವಾದ ಅದನ್ನು ಬಳಸುವ ಎಲ್ಲ ವಿತರಣೆಗಳಿಗೂ ದಕ್ಕುತ್ತದೆ. ಒಂದು ಕವಲಿಗಷ್ಟೇ ಮಾಡಿದ್ದು ಅದರೊಡನೆಯೇ ಒಣಗುತ್ತದೆ.

ಜರ್ಮನಿ ಸರ್ಕಾರ 2022ರಲ್ಲಿ ಮುಕ್ತ ತಂತ್ರಾಂಶದ ನಿರ್ವಹಣೆಗೆಂದೇ ಸಾರ್ವಜನಿಕ ನಿಧಿಯೊಂದನ್ನು ಆರಂಭಿಸಿತು. ಬೆಂಗಳೂರಿನ ಝೆರೋಧಾ ಸಂಸ್ಥೆ 2024ರಲ್ಲಿ ಇಂಥದೇ ಉದ್ದೇಶಕ್ಕೆ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಳ ನಿಧಿ ಘೋಷಿಸಿತು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಅದರ ಮುಂದಿನ ಹೆಜ್ಜೆ ಸರಳವಾದುದು: ಮುಕ್ತ ತಂತ್ರಾಂಶ ಬಳಸಿ ಉಳಿಸುವ ಪರವಾನಗಿ ಶುಲ್ಕದಲ್ಲಿ ಒಂದು ಸಣ್ಣ ಪಾಲನ್ನು ಮೂಲ ಯೋಜನೆಗಳ ನಿರ್ವಹಣೆಗೆ ಮೀಸಲಿಡುವುದು, ನಮ್ಮ ಎಂಜಿನಿಯರ್‌ಗಳು ಆ ಕೆಲಸದಲ್ಲಿ ಕೈಜೋಡಿಸಲು ಸೇವಾ ನಿಯಮಗಳಲ್ಲೇ ಅವಕಾಶ ಕಲ್ಪಿಸುವುದು. ಇಂಥ ವೆಚ್ಚಕ್ಕೆ ಉದ್ಘಾಟನಾ ಫಲಕ ಇರುವುದಿಲ್ಲ. ಹೂಳೆತ್ತುವ ಕೆಲಸಕ್ಕೆ ಎಂದಾದರೂ ಫಲಕವಿತ್ತೇ?