ಕೊನೆಯ ಮನೆಯ ನಳ

ಸಂಸ್ಕೃತ ನಿಘಂಟುಗಳಲ್ಲಿ ‘ಜೀವನ’ ಎಂಬ ಶಬ್ದಕ್ಕೆ ನೀರೆಂಬ ಅರ್ಥವೂ ಉಂಟು. ಮಳೆ ವಿರಳವಾದ ನಮ್ಮ ಸೀಮೆಯಲ್ಲಿ ಈ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ವಿಜಯಪುರವು ಬಹುಜನಾಂಗಗಳ ನಗರ. ಕನ್ನಡ, ದಖನಿ ಉರ್ದು, ಮರಾಠಿ, ಲಂಬಾಣಿ ನುಡಿಗಳು ಇಲ್ಲಿಯ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಜನವೈವಿಧ್ಯ ಹೆಚ್ಚಿದಷ್ಟೂ ಒಮ್ಮತ ಕುಗ್ಗಿ, ಸಾರ್ವಜನಿಕ ಸೌಕರ್ಯಗಳೂ ಕುಗ್ಗುತ್ತವೆಯೆಂದು ಕೆಲವು ಅರ್ಥಶಾಸ್ತ್ರಜ್ಞರು ವಾದಿಸುವರು. ಈ ಮಾತು ನಮ್ಮ ನೆಲಕ್ಕೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದು ವಿಚಾರಾರ್ಹ.

ಆದಿಲಶಾಹಿಗಳ ರಾಜಧಾನಿಯಲ್ಲಿಯೂ ತುರ್ಕರು, ಇರಾನಿಯರು, ಹಬಶಿಗಳು, ಮರಾಠರು, ಕನ್ನಡಿಗರು ಕೂಡಿ ಬಾಳಿದ್ದರು. ಆ ನಗರಕ್ಕಾಗಿ 1579ರಲ್ಲಿ ಚಾಂದಬಾವಡಿ, 1620ರಲ್ಲಿ ತಾಜಬಾವಡಿ, 1651ರಲ್ಲಿ ಬೇಗಂ ತಾಲಾಬ್ ನಿರ್ಮಾಣವಾದವು. ತೊರವಿಯ ಕಡೆಯಿಂದಲೂ ಬೇಗಂ ತಾಲಾಬಿನಿಂದಲೂ ನೀರು ಊರೊಳಗೆ ಹರಿದು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿದ ‘ಗಂಜ್’ ಎಂಬ ಕಲ್ಲುಗೋಪುರಗಳು ಕೊಳವೆಗಳೊಳಗಣ ಒತ್ತಡವನ್ನು ತಗ್ಗಿಸಿ, ಹೂಳು ತಳದಲ್ಲಿ ನಿಲ್ಲುವಂತೆ ಮಾಡುತ್ತಿದ್ದವು. ಜನರ ಬಹುತ್ವವು ಈ ಕಾರ್ಯಗಳಿಗೆ ಅಡ್ಡಬರಲಿಲ್ಲ.

ಆದರೆ ನೀರಿದ್ದ ಮಾತ್ರಕ್ಕೆ ಎಲ್ಲರ ಕೊಡವೂ ತುಂಬುವುದಿಲ್ಲ. ನಾಡಿನ ಎಷ್ಟೋ ಊರುಗಳಲ್ಲಿ ಬಾವಿಯ ಮೆಟ್ಟಿಲು ತುಳಿಯುವ ಹಕ್ಕು ಕೆಲವರಿಗೆ ಇರಲಿಲ್ಲ. ಅಂತೆಯೇ 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರೆತ್ತಿಯೇ ಹೇಳಿ, ಜಾತಿಮತಗಳ ಕಾರಣದಿಂದ ಯಾರನ್ನೂ ತಡೆಯಲಾಗದೆಂದು ವಿಧಿಸಿತು.

ಇಂದಿನ ಅಡ್ಡಿ ಹಲವೆಡೆ ಕಾಗದದ ರೂಪದ್ದು. ವಿಜಯಪುರ ತಾಲೂಕಿನಿಂದ ಬೇರ್ಪಟ್ಟು ಈಗ ತಾವೇ ತಾಲೂಕುಗಳಾಗಿರುವ ತಿಕೋಟಾ, ಬಬಲೇಶ್ವರಗಳ ಸೀಮೆಯಲ್ಲಿ ಮೂಲ ಊರಿನಿಂದ ದೂರದಲ್ಲಿ ತಾಂಡಾಗಳೂ ತೋಟದ ವಸತಿಗಳೂ ಇವೆ. ಇಂಥ ನೆಲೆಗೆ ಕಂದಾಯ ದಾಖಲೆಯಲ್ಲಿ ಹೆಸರಿಲ್ಲದಿದ್ದರೆ ಮನೆಗೆ ಹಕ್ಕುಪತ್ರ ದೊರೆಯದು. ಅದಿಲ್ಲದೆ ನಳ, ವಿದ್ಯುತ್ತು, ರಸ್ತೆಗಳ ಬೇಡಿಕೆಗೂ ಬಲ ಬಾರದು. ವಿಜಯಪುರವೂ ಸೇರಿ ಐದು ಜಿಲ್ಲೆಗಳ ಸುಮಾರು 1475 ದಾಖಲೆರಹಿತ ವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾಗಿ, 2023ರ ಜನವರಿಯಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ದೊರೆತುದು ಈ ಕಾರಣದಿಂದಲೇ ಮಹತ್ತ್ವದ ಸಂಗತಿ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯೂ ಗ್ರಾಮೀಣರಾದ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರು ನೀರನ್ನು ನಳದ ಮೂಲಕ ಮನೆಯಲ್ಲಿಯೇ ಒದಗಿಸುವ ಗುರಿಯನ್ನಿರಿಸಿಕೊಂಡಿತು.

ಇದು ಶಾಲೆಗೆ ಹೊರತಾದ ವಿಷಯವೆಂದು ಯಾರೂ ಬಗೆಯಲಾಗದು. ಬೇಸಗೆಯಲ್ಲಿ ಮೊದಲ ಪಾಠಕ್ಕೆ ತಡವಾಗಿ ಬಂದು ಬಾಗಿಲಲ್ಲಿ ತಲೆತಗ್ಗಿಸಿ ನಿಲ್ಲುವ ಬಾಲಕಿಯನ್ನು ಅಧ್ಯಾಪಕರಾದ ನಾವೆಲ್ಲರೂ ಕಂಡಿದ್ದೇವೆ. ಆಕೆಯನ್ನು ಗದರಿದವರಲ್ಲಿ ನಾನೂ ಒಬ್ಬ. ಸೆರಗಂಚಿನ ತೇವವನ್ನು ಗಮನಿಸಿದ್ದು ಆಮೇಲೆ.

ಈ ಶಾಲೆಯಲ್ಲಿ ಕಲಿತು ಪಂಚಾಯತಿ, ಕಂದಾಯ, ನೀರು ಸರಬರಾಜು ಇಲಾಖೆಗಳನ್ನು ಸೇರಿದ ಶಿಷ್ಯರಲ್ಲಿ ನನ್ನದೊಂದು ವಿನಂತಿ. ಊರಿಗೆ ನೀರು ಬಂದಿತೆಂದು ಬರೆದು ಸಹಿ ಹಾಕುವ ಮುನ್ನ ಕೊನೆಯ ಮನೆಯ ನಳವನ್ನೊಮ್ಮೆ ತಿರುಗಿಸಿ ನೋಡಿರಿ.